ತೂತಿನ ಡಿಸ್ಕು

ತೊಂಬತ್ತಾರರ ಒಂದು ಮುಂಜಾನೆ ನಾನು ಚಿಕ್ಕೋಡಿ ಬಸ್ ನಿಲ್ದಾಣದಲ್ಲಿ ಬೆಳಗಾವಿ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಜಗಳ ನಡೆದಿತ್ತು. ಒಬ್ಬ ರೇಸ್ ಕಾರಿನ ಮಾಲೀಕ ಧರೆಪ್ಪ, ಇನ್ನೊಬ್ಬ ಅದನ್ನು ರಿಪೇರಿ ಮಾಡುವ ಮಲಿಕಸಾಬ. ಧರೆಪ್ಪನ ತೊಡೆಯ ಮೇಲೆ ತಟ್ಟೆಯಷ್ಟಗಲದ ಬ್ರೇಕ್ ಡಿಸ್ಕ್ ಇತ್ತು. ಅದರ ಮೈತುಂಬ ಸಣ್ಣ ತೂತುಗಳು.

“ಇದನ್ನ ನಾ ಕೂಡ್ರಸಂಗಿಲ್ರಿ. ತೂತಿಲ್ಲದ ಸಾದಾದ್ದು ನನ್ನ ಚೀಲದಾಗ ಐತಿ,” ಎಂದ ಮಲಿಕಸಾಬ.

“ಅದು ವಜ್ಜಾ ಐತಿ. ಇದು ಹಗೂರ, ಗಾಳಿ ಆಡಿ ಲಗೂನ ತಣ್ಣಗ ಆಕ್ಕೈತಿ.”

“ಹೋದ ರೇಸಿನ್ಯಾಗ ಇಂಥಾದ್ದ ತೂತಿನಿಂದ ತೂತಿಗೆ ಸೀಳಿತ್ತು. ಗಾಡಿ ಹೊಡದ ನಿಮ್ಮ ತಮ್ಮ ಇನ್ನೂ ಕುಂಟಾಕತ್ತಾನ.”

“ನೀ ಬೋಲ್ಟ್ ಬಿಗಿ ಮಾಡಿರ್ಲಿಲ್ಲ, ಅದಕ್ಕ ಸೀಳ್ತು. ಊರಿಗೆಲ್ಲಾ ಗೊತ್ತೈತಿ.”

“ಊರಿಗೆ ಹೇಳಿದಾವ್ರು ನೀವ. ಬ್ಯಾರೆ ಮಿಸ್ತ್ರಿ ನೋಡ್ಕೊರ್ರಿ, ನಾ ಬರಂಗಿಲ್ಲ.”

“ಬರಬ್ಯಾಡ. ಗಾಡಿ ಹೊಡ್ಯಾಂವ ಸಿಕ್ಕಾನ, ಅಷ್ಟ ಸಾಕು.”

“ಯಾಂವ ಅಂವ, ಜೀವದ ಆಸೆ ಇಲ್ಲದಾಂವ?”

“ನಿನ್ನ ಮಗ ದಾವಲ. ನಿನ್ನಿ ಗಾಡಿ ಲಾರಿ ಮ್ಯಾಲ ಹೇರ್ಕೊಂಡ ಕೊಲ್ಲಾಪುರಕ್ಕ ರೇಸಿಗೆ ಹೋಗ್ಯಾನ.”



“ನನಗ ಪುಣೆಕ್ಕ ಹೊಂಟೀನಿ ಅಂದಿದ್ದ.”

“ನಿನಗ ಹೇಳಿದ್ರ ಬಿಡ್ತಿದ್ದಿ?”

ಕೊಲ್ಲಾಪುರದ ಬಸ್ ಬಂತು. ಮಲಿಕಸಾಬ ಆ ತೂತಿನ ಡಿಸ್ಕನ್ನು ಕಸಿದುಕೊಂಡು ಎದ್ದ.

“ನಡೀರಿ. ಸಾದಾದ್ದ ಕೂಡ್ರಸ್ತೀನಿ, ನನ್ನ ಕೈಲೆ. ನನ್ನ ಮಗ ಗಾಡಿಯಿಂದ ಇಳದ ಮ್ಯಾಲ ನಿಮ್ಮ ಮಾರಿ ನೋಡಂಗಿಲ್ಲ.”

ಧರೆಪ್ಪ ಮುಂದಿನ ಸೀಟಿನಲ್ಲಿ ಕೂತ. ಮಲಿಕಸಾಬ ಅವನನ್ನು ದಾಟಿ ಕಟ್ಟಕಡೆಯ ಸೀಟಿಗೆ ಹೋದ. ಬಸ್ ಹೊರಟಿತು.