ಬಾಳೆ ಬುಡದ ಹಳದಿ ಪುಡಿ

ನೋಡಿ, ಮತ್ತೆ ಅಡ್ಡ ಬಾಯಿ ಹಾಕಿದ್ರಿ. ಮಾತು ಮುಗಿಸೋಕೆ ಬಿಡಿ ಸವಿತಕ್ಕ. ಮೇಲ್ಮನೆ ಬಾಡಿಗೆಯವರು, ಮಣ್ಣು ಪರೀಕ್ಷೆ ಲ್ಯಾಬಲ್ಲಿ ಕೆಲಸ ಮಾಡೋರು, ಎಲ್ಲ ಸರಿ. ಆದ್ರೆ ಮಣ್ಣು ನಮ್ದು.

ಹಿತ್ತಲ ಈರುಳ್ಳಿಯ ಎಳೆ ಗರಿ ಹಳದಿ ತಿರುಗ್ತಿದೆ ಅಂತ ತೋರಿಸ್ದೆ. ಗಂಧಕ ಕಮ್ಮಿ ಇರ್ಬೇಕು, ಐದು ಕಡೆ ಗೇಣು ಆಳ ಅಗೆದು ಮಣ್ಣು ಬೆರೆಸಿ ಕೊಡು ಅಂದ್ರಿ. ಕೊಟ್ಟೆ. ಈಗ ಗಂಧಕ ವಿಪರೀತ ಜಾಸ್ತಿ ಅಂದ್ರೆ ನಾನೇನ್ ಮಾಡ್ಲಿ? ಬೊಮ್ಮಸಂದ್ರದ ಫ್ಯಾಕ್ಟರಿ ಗಾಳಿ ಅಕ್ಕ ಇದು. ತಂತಿ ಮೇಲೆ ಒಣಗಾಕಿದ ಬಟ್ಟೇನೂ ಕೆಮ್ಮುತ್ತೆ.

ಯಾಕೆ ನಗ್ತೀರಾ?

ಸರಿ, ಐದು ಕಡೆ ಅಗೀಲಿಲ್ಲ. ಒಂದೇ ಕಡೆ, ಬಾಳೆ ಬುಡದಲ್ಲಿ. ಬಚ್ಚಲ ನೀರು ಹರಿದು ಮಣ್ಣು ಮೆತ್ತಗಿತ್ತು. ಸೊಂಟದ ಮೇಲೆ ಮಗು, ಕೈಲಿ ಗುದ್ದಲಿ... ನೀವಾಗಿದ್ರೆ ಐದು ಗುಂಡಿ ತೋಡ್ತಿದ್ರಾ?

ಅಲ್ಲಿ ಸಗಣಿ, ತರಗೆಲೆ ಎಲ್ಲ ಇದೆ. ನೀವೇ ಹೇಳಿದ್ರಲ್ಲ, ಗಂಧಕ ಜಾಸ್ತಿ ಅಡಗಿರೋದು ಕೊಳೆತದ್ದರಲ್ಲೇ, ಕರಗಿದ್ದು ಮಳೆ ನೀರಿನ ಜತೆ ಇಳಿದು ಕೆಳಗಿನ ಕೆಂಪು ಜೇಡಿಗೆ ಅಂಟ್ಕೊಳ್ಳುತ್ತೆ ಅಂತ. ಓದಿದ್ದು ಹತ್ತನೇ ಕ್ಲಾಸೇ ಆದ್ರೂ ಕಿವಿ ಇದೆ ನಂಗೆ.

ಅದಲ್ವಾ? ಹಳದಿ ಪುಡಿ ಹಂಗಂಗೇ ಇತ್ತಾ? ನೀರಲ್ಲಿ ಕರಗೋದೇ ಇಲ್ವಾ ಅದು? ಮನುಷ್ಯರೇ ತಂದು ಹಾಕಿರ್ಬೇಕಾ?

ಹಾಗಾದ್ರೆ ಪಟಾಕಿ. ದೀಪಾವಳೀಲಿ ಠುಸ್ ಅಂದಿದ್ದನ್ನೆಲ್ಲ ನಮ್ಮತ್ತೆ ಕೃಷ್ಣಮ್ಮ ಅಲ್ಲೇ ಹೂತ್ರು. ಮುಂದಿನ ಗೊನೆ ಢಂ ಅಂದ್ರೆ ನನ್ನ ಕೇಳ್ಬೇಡಿ.

ದೀಪು, ಕೆರ್ಕೋಬೇಡ ಕಂದ. ಏನಿಲ್ಲಕ್ಕ, ಬೆವರುಸಾಲೆ. ಅಂಗನವಾಡಿ ಟೀಚರ್‌ಗೂ ಅದನ್ನೇ ಹೇಳಿದೀನಿ. ಕಜ್ಜಿ ಗಿಜ್ಜಿ ಅಂತ ಯಾರಾದ್ರೂ ಹಬ್ಬಿಸಿದ್ರೆ ವಾಸಿ ಆಗೋವರೆಗೂ ಒಳಗೆ ಸೇರಿಸಲ್ಲ ಅವರು. ಸೋಮವಾರದಿಂದ ಮಾತ್ರೆ ಕಂಪನೀಲಿ ಪ್ಯಾಕಿಂಗ್ ಕೆಲಸ ನಂಗೆ. ಎರಡು ವರ್ಷ ಕಾದಿದೀನಿ. ಇವನನ್ನ ಎತ್ಕೊಂಡು ಹೋದ್ರೆ ಗೇಟಿಂದಲೇ ವಾಪಸ್.

ಯಾವ ಡಬ್ಬಿ? ಬಚ್ಚಲ ಗೂಡಲ್ಲಿರೋದಾ? ಕಜ್ಜಿಗೆ ಹಚ್ಚೋ ಗಂಧಕದ ಮುಲಾಮು, ತೊಳೆದ ನೀರಲ್ಲಿ ಬಾಳೆ ಬುಡಕ್ಕೆ ಹರೀತು ಅಂತೀರಾ? ಅದು... ಅತ್ತೆ ಮಂಡಿನೋವಿನ ಮುಲಾಮು. ಹಳದಿ ಇದ್ದದ್ದೆಲ್ಲ ಗಂಧಕಾನಾ? ಹಂಗಾದ್ರೆ ಒಲೆ ಮೇಲೆ ಚಿತ್ರಾನ್ನ ಇದೆ, ಅದನ್ನೂ ಲ್ಯಾಬಿಗೆ ತಗೊಂಡ್ಹೋಗಿ.



ಅಲ್ಲ ಅಕ್ಕ, ಬೆರಳ ಸಂದಿ ಯಾಕೆ ಕೆರೀತಿದೀರಾ... ಯಾವಾಗಿಂದ? ನಿಮ್ಮ ಮಗಳಿಗೂನಾ?

ಹೌದು. ಹೋದ ತಿಂಗಳು ನಾನು ಕೆಲಸ ಕೇಳ್ಕೊಂಡು ಅಲೆಯೋವಾಗ ವಾರವೆಲ್ಲ ದೀಪು ನಿಮ್ಮನೇಲೇ ಇದ್ದ. ನಿಮ್ಮ ಮಗಳ ಪಕ್ಕದಲ್ಲೇ ಮಲಗ್ತಿದ್ದ.

ಏನಂದ್ರಿ... ಇವನಿಗಿರೋದು ಕಜ್ಜಿ ಅಂತ ಆಗ್ಲೇ ನಂಗೆ ಗೊತ್ತಿತ್ತಾ ಅಂತನಾ?