ಲುಮೀರ್ ಜರ್ಮನಿಗೆ ಏಕೆ ಹೋಗಲಿಲ್ಲ

ಸಭೆಯ ಅಧ್ಯಕ್ಷರೂ ನಮ್ಮ ಕ್ಲಬ್ಬಿನ ಹಿರಿಯರೂ ಆದ ಶಿಮೂನೆಕ್ ಅವರೇ, ಜಿಲ್ಲಾ ಫುಟ್‌ಬಾಲ್ ಸಂಘದಿಂದ ಬಂದು, ಬಂದಾಗಿನಿಂದ ಸಾಸೇಜಿನ ತಟ್ಟೆ ಕೆಳಗಿಡದಿರುವ ಮುಖ್ಯ ಅತಿಥಿಗಳೇ, ಬಿಯರ್ ಪೀಪಾಯಿಯ ಪಕ್ಕದಲ್ಲೇ ಜಾಗ ಹಿಡಿದಿರುವ ಬ್ರೆಜೋವ್ನಾ ಊರಿನ ಸಭಿಕರೇ, ಮತ್ತು ಇವತ್ತು ಕೊನೆಯ ಬಾರಿಗೆ ಬೂಟು ಕಳಚಿದ ನಮ್ಮ ಲುಮೀರ್,

ನಾನು ಓಲ್ಡ್ರಿಖ್. ಈ ಕ್ಲಬ್ಬಿನ ವ್ಯಾನು ಓಡಿಸುವವನು, ಬಟ್ಟೆ ಒಗೆಯುವವನು. ಮೂವತ್ತು ವರ್ಷದಿಂದ ನಿಮ್ಮೆಲ್ಲರ ಕಾಲುಚೀಲ ಒಗೆದಿದ್ದೇನೆ. ಆದ್ದರಿಂದ ಇಲ್ಲಿ ಯಾರೂ ನನ್ನ ಮುಂದೆ ದೊಡ್ಡಸ್ತಿಕೆ ತೋರಿಸುವಂತಿಲ್ಲ.

ಲುಮೀರ್ ಇಪ್ಪತ್ತೊಂದು ವರ್ಷ ಆಡಿದ. ಮೊದಲ ಪಂದ್ಯದಲ್ಲೇ ತಲೆಯಿಂದ ಅದ್ಭುತವಾದ ಗೋಲು ಹೊಡೆದ, ನಮ್ಮದೇ ಗೋಲಿಗೆ. ಆಮೇಲೆ ದೊಡ್ಡ ತಂಡವೊಂದು ಕರೆದುಕೊಂಡು ಹೋಗಿ ಎರಡು ವರ್ಷ ಬೆಂಚಿನ ಮೇಲೆ ಕೂರಿಸಿತು. ಚಳಿಗಾಲದಲ್ಲಿ ಇವನು ಆ ಬೆಂಚನ್ನು ಎಷ್ಟು ಬೆಚ್ಚಗಿಟ್ಟಿದ್ದನೆಂದರೆ ಉಳಿದವರು ಆ ಜಾಗಕ್ಕೆ ಜಗಳವಾಡುತ್ತಿದ್ದರಂತೆ. ಸ್ಲೊವಾಕಿಯಾದಲ್ಲಿ ಆರು ತಿಂಗಳು ಆಡಿದ: ಎರಡು ಗೋಲು, ಒಂದು ಮದುವೆ. ಗೋಲುಗಳನ್ನು ನಾವು ಮರೆತಿದ್ದೇವೆ. ಮದುವೆಯನ್ನು ಮರೆಯಲು ಮುಂದಿನ ಸಾಲಿನಲ್ಲಿರುವ ಝ್ಲಾತಿತ್ಸಾ ಬಿಡುವುದಿಲ್ಲ.

ಹೀಗೇ ನಗಿಸಿ ಕೆಳಗಿಳಿಯಬೇಕೆಂದು ಚೀಟಿ ಬರೆದುಕೊಂಡು ಬಂದಿದ್ದೆ. ಆದರೆ ಈಗಷ್ಟೇ ಅಧ್ಯಕ್ಷರು ಏನು ಹೇಳಿದರು? "ಹದಿನೇಳು ವರ್ಷದ ಹಿಂದೆ ಆ ಶನಿವಾರ ಈ ಸೋಮಾರಿ ಹಾಸಿಗೆ ಬಿಟ್ಟು ಎದ್ದಿದ್ರೆ ಇವತ್ತು ಜರ್ಮನೀಲಿ ಇರ್ತಿದ್ದ" ಎಂದರು. ನೀವೆಲ್ಲ ನಕ್ಕಿರಿ. ಪ್ರತಿ ವರ್ಷವೂ ನಗುತ್ತೀರಿ. ಲುಮೀರನೂ ನಕ್ಕ. ನನಗೆ ಮಾತ್ರ ನಗು ಬರಲಿಲ್ಲ. ಚೀಟಿಯನ್ನು ಜೇಬಿಗೆ ಹಾಕಿಕೊಂಡಿದ್ದೇನೆ.

ಆ ಶನಿವಾರ ಅವನು ಹಾಸಿಗೆಯಲ್ಲಿರಲಿಲ್ಲ. ನನ್ನ ಜೊತೆ ಕಾಡಿನಲ್ಲಿದ್ದ.

ಆಗ ನಮ್ಮ ತಂಡ ಎರಡನೇ ದರ್ಜೆಯಲ್ಲಿತ್ತು. ಇವನಿಗೆ ಇಪ್ಪತ್ತೆರಡು ವರ್ಷ. ಇವನ ಆಟ ನೋಡಲೆಂದೇ ಜರ್ಮನಿಯ ತಂಡವೊಂದರಿಂದ ಒಬ್ಬ ಮನುಷ್ಯ ಬರುವವನಿದ್ದ. ಪಂದ್ಯ ಮೂರು ಗಂಟೆಗೆ. ಆದರೆ ಮೂರು ದಿನ ಮಳೆ ಸುರಿದು ಆವತ್ತು ಬಿಸಿಲು ಬಿದ್ದಿತ್ತು. ಸೆಪ್ಟೆಂಬರಿನಲ್ಲಿ ಕಾಡಿನಲ್ಲಿ ಅಣಬೆ ಏಳುವ ಅಂಥ ದಿನ ಮನೆಯೊಳಗೆ ಕೂರುವ ಒಬ್ಬನನ್ನಾದರೂ ಈ ಊರಿನಲ್ಲಿ ತೋರಿಸಿ ನೋಡೋಣ! ನನ್ನ ಅಣಬೆಯ ಜಾಗ ತೋರಿಸುತ್ತೇನೆ ಎಂದು ನಾನೇ ಅವನನ್ನು ಕರೆದೆ. ನನ್ನಪ್ಪ ಸಾಯುವ ಗಳಿಗೆಯಲ್ಲಿ ಪಾದ್ರಿಯನ್ನು ಹೊರಗೆ ಕಳಿಸಿ, ನನ್ನ ಕಿವಿಯಲ್ಲಿ ಹೇಳಿಹೋದ ಜಾಗ ಅದು. ಹೆಂಡತಿಗೂ ಹೇಳಿರಲಿಲ್ಲ. ಅವಳು ನನ್ನನ್ನು ಬಿಟ್ಟು ಆಸ್ಟ್ರಿಯಾಗೆ ಹೋದದ್ದು ಅದಕ್ಕಲ್ಲ, ಬಿಡಿ.

ಆ ಜಾಗಕ್ಕೆ ಇನ್ನು ಐವತ್ತು ಹೆಜ್ಜೆ ಇದೆ ಎನ್ನುವಾಗ, ಮುಂದೆ ಬುಟ್ಟಿ ಹಿಡಿದು ಯಾರು ನಿಂತಿದ್ದರು? ನಮ್ಮ ಅಧ್ಯಕ್ಷರು! ಮುಂದೆ ಹೋದರೆ ಗುಟ್ಟು ರಟ್ಟು. ಹಿಂದೆ ಹೋದರೆ ಅನುಮಾನ. ಏನು ಮಾಡುವುದು? ಜರೀಗಿಡಗಳ ನಡುವೆ ಇಬ್ಬರೂ ಬೋರಲಾಗಿ ಮಲಗಿದೆವು. ಫೋನು ವ್ಯಾನಿನಲ್ಲಿತ್ತು. ಗಡಿಯಾರ ನನ್ನ ಕೈಯಲ್ಲಿತ್ತು.

"ಹೋದ್ರಾ?" ಎಂದ ಲುಮೀರ್.

"ಇಲ್ಲ ಕಣೋ, ಇನ್ನೂ ಇದಾರೆ."

ಅರ್ಧ ಗಂಟೆ ಬಿಟ್ಟು ಮತ್ತೆ ಕೇಳಿದ. "ಓಲ್ಡಾ, ಹೋದ್ರಾ ನೋಡು. ಬೆನ್ನ ಮೇಲೆ ಇರುವೆಗಳು ಊರು ಕಟ್ತಾ ಇದಾವೆ."

"ಇದಾರೆ. ಮಲಗು ಸುಮ್ನೆ. ಹೊತ್ತಾದ್ರೆ ನಾನು ಎಬ್ಬಿಸ್ತೀನಿ."

ನನ್ನನ್ನು ನಂಬಿ ಅವನು ನಿದ್ದೆ ಹೋದ.

ಅಧ್ಯಕ್ಷರು ಹನ್ನೊಂದೂವರೆಗೇ ಹೊರಟುಹೋಗಿದ್ದರು. ಜರ್ಮನಿಯವನನ್ನು ಬರಮಾಡಿಕೊಳ್ಳಬೇಕಿತ್ತಲ್ಲ! ಲುಮೀರ್ ಎರಡನೇ ಸಲ ಕೇಳಿದಾಗ ಎದುರಿಗೆ ಮರಗಳ ಹೊರತು ಯಾರೂ ಇರಲಿಲ್ಲ. ಗಡಿಯಾರ ನೋಡಿದೆ, ಹನ್ನೆರಡು. ಆಮೇಲೆ ನೋಡಿದೆ, ಒಂದು. ಮತ್ತೆ ನೋಡಿದೆ, ಎರಡು. ಎಬ್ಬಿಸಲಿಲ್ಲ.

ಏಕೆ ಎಬ್ಬಿಸಲಿಲ್ಲ? ಅಣಬೆಗಾಗಿಯೇ? ಅಲ್ಲ ಸ್ವಾಮಿ. ಹೆಂಡತಿ ಬಿಟ್ಟುಹೋಗಿ ಆಗ ಒಂದೇ ವರ್ಷವಾಗಿತ್ತು. ವಾರವಿಡೀ ನನ್ನೊಡನೆ ಮಾತನಾಡುತ್ತಿದ್ದವನು ಇವನೊಬ್ಬನೇ. ವ್ಯಾನಿನಲ್ಲಿ ಪಕ್ಕದಲ್ಲಿ ಕೂತು, ನನ್ನ ಬ್ರೆಡ್ಡನ್ನು ಕೇಳದೆ ಕಿತ್ತು ತಿನ್ನುತ್ತಿದ್ದ. ಇವನೂ ಹೋದರೆ ನಾನು ಒಂಟಿಯಾಗುತ್ತೇನೆ ಎಂದು ಭಯವಾಯಿತು. ಅಷ್ಟೇ. ಅದಕ್ಕಿಂತ ದೊಡ್ಡ ಕಾರಣ ಇಲ್ಲ, ಇದ್ದಿದ್ದರೆ ಹೇಳುತ್ತಿದ್ದೆ.

ನಾವು ಮೈದಾನ ತಲುಪಿದಾಗ ಮೊದಲರ್ಧ ಮುಗಿದಿತ್ತು. ಜರ್ಮನಿಯವನು ಕಾರು ಹತ್ತಿದ್ದ. ಉಳಿದರ್ಧಕ್ಕೆ ಮೈದಾನಕ್ಕಿಳಿದ ಇವನು ಎರಡು ಗೋಲು ಹೊಡೆದ, ಈ ಸಲ ಸರಿಯಾದ ಗೋಲಿಗೇ. ನೋಡಬೇಕಾದವನೇ ಇರಲಿಲ್ಲ. ತರಬೇತುದಾರ ಕಿರುಚಾಡಿದಾಗ ಇವನು ಏನು ಹೇಳಿದ ಗೊತ್ತೇ? "ನಾನೇ ಮಲಗಿಬಿಟ್ಟೆ ಸಾರ್, ಓಲ್ಡಾನ ತಪ್ಪಿಲ್ಲ." ನನ್ನ ಕೆಲಸ ಉಳಿಯಿತು. ಇವನನ್ನು ಮೂರು ಪಂದ್ಯ ಹೊರಗಿಟ್ಟರು. ಜರ್ಮನಿಯವನು ಮತ್ತೆ ಬರಲಿಲ್ಲ.

ಲುಮೀರ್, ನೀನು ಹದಿನೇಳು ವರ್ಷ ಸೋಮಾರಿ ಅನ್ನಿಸಿಕೊಂಡೆ. ನಾನು ಹದಿನೇಳು ವರ್ಷ ನಿನ್ನ ಅಂಗಿ ಒಗೆದೆ. ಅದು ಸಮವಾಗುವುದಿಲ್ಲ, ನನಗೆ ಗೊತ್ತು. ಎದ್ದು ಬರಬೇಡ, ಕೂತಿರು. ನೀನೀಗ ಹತ್ತಿರ ಬಂದರೆ ನನಗೆ ಮಾತು ನಿಂತುಹೋಗುತ್ತದೆ.

ಜರ್ಮನಿಯನ್ನು ನಾನು ತಂದುಕೊಡಲಾರೆ. ನನ್ನಲ್ಲಿರುವುದು ಒಂದೇ, ಅದನ್ನು ಆವತ್ತೂ ನಿನಗೆ ತೋರಿಸಲಿಲ್ಲ. ಎಲ್ಲರ ಮುಂದೆಯೇ ಹೇಳುತ್ತೇನೆ. ಹಾಳುಬಿದ್ದ ಗಿರಣಿಯ ಹಿಂದೆ ತೊರೆ ದಾಟು. ಎಡಕ್ಕೆ, ಸಿಡಿಲು ಹೊಡೆದ ಓಕ್ ಮರ. ಅಲ್ಲಿಂದ ಇಳಿಜಾರಿನಲ್ಲಿ ನಲವತ್ತು ಹೆಜ್ಜೆ, ಪಾಚಿ ಹಿಡಿದ ಬಂಡೆಯ ಉತ್ತರಕ್ಕೆ.

ಅಧ್ಯಕ್ಷರೇ, ದಯವಿಟ್ಟು ಪೆನ್ನು ಒಳಗಿಡಿ.

ಲುಮೀರ್, ನಾಳೆ ಬೆಳಿಗ್ಗೆ ಐದಕ್ಕೆ ನಿನ್ನ ಮನೆಯ ಮುಂದೆ ವ್ಯಾನು ನಿಲ್ಲಿಸಿಕೊಂಡಿರುತ್ತೇನೆ. ಆರರವರೆಗೆ ಕಾಯುತ್ತೇನೆ. ನೀನು ಬರದಿದ್ದರೆ ನನಗೆ ಅರ್ಥವಾಗುತ್ತದೆ.

ಇಷ್ಟು ಹೊತ್ತು ಬಿಯರಿನ ನೊರೆ ಆರಲು ಬಿಟ್ಟು ಕೇಳಿದ ನಿಮಗೆಲ್ಲ ವಂದನೆಗಳು. ನಮಸ್ಕಾರ.