ಮುನ್ನೂರು ಗ್ರಾಂ

ಈ ಸಮಾರಂಭದ ಅಧ್ಯಕ್ಷತೆ ವಹಿಸಿರುವ ನಮ್ಮ ಮೇಯರ್ ಶ್ರೀಮತಿ ಕಲಿನಾ ದೊಬ್ರೆವಾ ಅವರೇ, ಸೋಫಿಯಾದಿಂದ ಬಂದಿರುವ ಗಣ್ಯರೇ, ಮುಂದಿನ ಸಾಲಿನಲ್ಲಿ ಎರಡು ಕುರ್ಚಿಯ ಜಾಗ ಹಿಡಿದು ಕೂತಿರುವ ಇಂದಿನ ಸನ್ಮಾನಿತರಾದ ಸ್ಟೊಯ್ಮೆನ್ ರಾದೊಯ್ಕೊವ್ ಅವರೇ, ಅವರನ್ನು ನೋಡಲೆಂದು ಬಂದು ವಿಧಿಯಿಲ್ಲದೆ ನನ್ನ ಮಾತನ್ನೂ ಕೇಳಬೇಕಾಗಿರುವ ಸಭಿಕರೇ,

ನಮ್ಮೂರ ಹೊಸ ಕುಸ್ತಿ ಭವನಕ್ಕೆ ಇವತ್ತು ಸ್ಟೊಯ್ಮೆನ್ ಹೆಸರಿಟ್ಟಿದ್ದೇವೆ. ಬರುವಾಗ ಬೋರ್ಡು ನೋಡಿದೆ. ಒಂದೊಂದು ಅಕ್ಷರವೂ ನನ್ನ ಮೊಣಕಾಲೆತ್ತರ ಇದೆ. ಬಹಳ ಸಂತೋಷ. ನನಗೆ ಹತ್ತು ನಿಮಿಷ ಕೊಟ್ಟಿದ್ದಾರೆ. ಹನ್ನೊಂದು ವರ್ಷ ಅವನ ಜೊತೆ ಒಂದೇ ಮ್ಯಾಟಿನ ಮೇಲೆ ಬಿದ್ದೆದ್ದ ಗೆರ್ಗಿನ್ ವೆಲ್ಕೊವ್‌ಗೆ ಹತ್ತು ನಿಮಿಷ. ಇರಲಿ.

ಅವರ ಸಾಧನೆ ನಿಮಗೆಲ್ಲ ಗೊತ್ತು. ಯುರೋಪಿನ ಚಾಂಪಿಯನ್, ಎರಡು ಸಲ. ಒಲಿಂಪಿಕ್ಸ್‌ನ ಹೆವಿವೇಟ್ ಕುಸ್ತಿಯಲ್ಲಿ ಬೆಳ್ಳಿ. ಬೆಳ್ಳಿ ಎಂದರೆ, ದಯವಿಟ್ಟು ಗಮನಿಸಿ, ಫೈನಲ್ಲಿನಲ್ಲಿ ಸೋತವರಿಗೆ ಕೊಡುವ ಪದಕ. ಇದನ್ನು ಹೊಟ್ಟೆಕಿಚ್ಚಿನಿಂದ ಹೇಳುತ್ತಿಲ್ಲ. ನಿಯಮವೇ ಹಾಗಿದೆ.

ನಾವಿಬ್ಬರೂ ಶುರುಮಾಡಿದ್ದು ಒಂದೇ ವರ್ಷ. ಹಬ್ಬದ ದಿನ ಹುಲ್ಲಿನ ಮೇಲೆ ಡೋಲಿನ ಸದ್ದಿಗೆ ಕುಸ್ತಿ. ಗೆದ್ದವನಿಗೆ ಒಂದು ಟಗರು. ಮೊದಲ ಟಗರು ಹೊತ್ತುಕೊಂಡು ಹೋದವನು ಯಾರು? ನಾನು. ಎರಡನೆಯ ವರ್ಷ? ಆಗಲೂ ನಾನೇ. ಮೂರನೆಯ ವರ್ಷದಿಂದ ಟಗರುಗಳೆಲ್ಲ ರಾದೊಯ್ಕೊವ್ ಮನೆಯ ದಾರಿ ಹಿಡಿದವು, ಅದು ಬೇರೆ ಮಾತು.

ಎದುರಾಳಿಯನ್ನು ನೆಲದಿಂದ ಕಿತ್ತು ತನ್ನ ತಲೆಯ ಮೇಲಿಂದ ಹಿಂದಕ್ಕೆ ಎಸೆಯುವ ಅವನ ಪಟ್ಟನ್ನು ಜಗತ್ತೇ ಹೊಗಳಿತು. ಅದನ್ನು ಅವನು ಕಲಿತದ್ದು ಯಾರ ಮೇಲೆ? ಈ ಬೆನ್ನಿನ ಮೇಲೆ. ಚಳಿಗಾಲ ಬಂದರೆ ಇವತ್ತಿಗೂ ಬೆನ್ನು ಅವನ ಹೆಸರು ಹೇಳುತ್ತದೆ. ಆ ಪಟ್ಟಿನ ಒಂದು ಫೋಟೋ ಪತ್ರಿಕೆಯಲ್ಲಿ ಬಂದಿತ್ತು. ಅದರಲ್ಲಿರುವ ಮುಖ ಅವನದು, ಗಾಳಿಯಲ್ಲಿರುವ ಎರಡು ಕಾಲು ನನ್ನವು. ಕೆಳಗೆ ಹೆಸರು ಮಾತ್ರ ಒಂದೇ. ನನ್ನ ಹೆಂಡತಿ ನೆವೆನಾ ಅದನ್ನು ಕತ್ತರಿಸಿ ಅಡುಗೆಮನೆಯಲ್ಲಿ ಅಂಟಿಸಿದಳು. ಕೇಳಿದ್ದಕ್ಕೆ, "ನಿಮ್ ಕಾಲಿದೆಯಲ್ಲಾ ಅಂತ ಅಂಟಿಸ್ದೆ ಕಣ್ರಿ" ಎಂದಳು.

ಇನ್ನು ಆ ಡಾಕ್ಟರ ಕಥೆ. ಒಲಿಂಪಿಕ್ಸ್‌ನಲ್ಲಿ ವಿದೇಶಿ ಡಾಕ್ಟರು "ಭುಜ ಸರಿಯಿದೆಯಾ, ಆಡ್ತೀಯಾ?" ಎಂದು ಕೇಳಿದಾಗ ಇವನು ನಮ್ಮ ಪದ್ಧತಿಯಂತೆ ಹೌದೆಂದು ತಲೆಯನ್ನು ಅಡ್ಡಕ್ಕೆ ಆಡಿಸಿದನಂತೆ. ಆಗುವುದಿಲ್ಲ ಎನ್ನುತ್ತಿದ್ದಾನೆಂದುಕೊಂಡು ಡಾಕ್ಟರು ಭುಜಕ್ಕೆಲ್ಲ ಪಟ್ಟಿ ಸುತ್ತಿಬಿಟ್ಟರಂತೆ. ಐವತ್ತು ಸಲ ಕೇಳಿದ್ದೇನೆ. ಪ್ರತಿಸಲವೂ ಎಲ್ಲರೂ ನಗುತ್ತಾರೆ. ನಾನು ಅಲ್ಲಿರಬೇಕಿತ್ತು, ಆ ಭುಜ ನನ್ನದಾಗಿರಬೇಕಿತ್ತು ಎಂದು ಯಾರಿಗಾದರೂ ಹೊಳೆಯುತ್ತದೆಯೇ?

ಏಕೆ ನನ್ನದಾಗಲಿಲ್ಲ ಎನ್ನುವುದು ನಿಮಗೆ ತಿಳಿದದ್ದೇ. ಈ ಊರಿನಲ್ಲಿ ನನ್ನನ್ನು ಕರೆಯುವುದೇ "ಮುನ್ನೂರು ಗ್ರಾಂ ಗೆರ್ಗಿನ್" ಎಂದು. ಒಲಿಂಪಿಕ್ಸ್‌ಗೆ ಹೋಗುವ ಜಾಗ ಒಂದು, ನಾವು ಇಬ್ಬರು. ಮೇ ಏಳರಂದು ಬೆಳಿಗ್ಗೆ ತೂಕ, ಆಮೇಲೆ ಕುಸ್ತಿ. ಸಮ ಬಂದರೆ ಹಗುರ ಇರುವವನು ಹೋಗಬೇಕು ಎಂದು ನಮ್ಮ ಕೋಚ್ ಲಾಜರಣ್ಣನ ಕಟ್ಟಪ್ಪಣೆ. ಮೇ ಆರು ಎಂದರೆ ಸಂತ ಗೆಯೋರ್ಗಿಯ ಹಬ್ಬ, ಆ ಸಂತನ ಹೆಸರು ಹೊತ್ತಿರುವ ನನ್ನ ಹೆಸರಿನ ಹಬ್ಬ. ಆ ದಿನ ಯಾರನ್ನೂ ಕರೆಯುವುದಿಲ್ಲ, ಬಾಗಿಲು ತೆರೆದಿರುತ್ತದೆ, ಬಂದವರಿಗೆ ಬಡಿಸುತ್ತೇವೆ. ಮಧ್ಯಾಹ್ನ ಊಟದ ಹೊತ್ತಿಗೆ ಗುಡ್ಡದಾಚೆಯ ಹಳ್ಳಿಯಿಂದ ಇವನು ಬಂದ. ಕೈಯಲ್ಲಿ ನಮ್ಮಮ್ಮನಿಗೊಂದು ಹೂಗೊಂಚಲು. ಅಂಥ ದಿನ ಬರುವುದೆಂದರೇನು? ನಾಳೆ ತೂಕವಿರುವವನ ಮನೆಗೆ?

ಅನ್ನ ತುಂಬಿ ಬೇಯಿಸಿದ ಇಡೀ ಕುರಿಮರಿ ಮೇಜಿನ ಮೇಲಿತ್ತು. ಪಕ್ಕದಲ್ಲಿ ಚೀಸು ಹಾಕಿದ ಬಾನಿತ್ಸಾ, ಎರಡು ತಟ್ಟೆ. ಇವನು ಒಂದು ತುಂಡು ತಿಂದು ಫೋರ್ಕು ಕೆಳಗಿಟ್ಟ. "ಸಾಕು ಕಣೋ ಗೆರ್ಗಿನ್, ನಾಳೆ ತೂಕ ಇದೆ" ಎಂದ. ನಾನು, "ಹಬ್ಬದ ದಿನ ಬೇಡ ಅನ್ನಬಾರ್ದು ಮಾರಾಯ, ಅಮ್ಮ ಬೇಜಾರ್ ಮಾಡ್ಕೋತಾಳೆ" ಎಂದೆ. ಅಮ್ಮನೂ, "ನಾಚ್ಕೋತಾನೆ ಕಣೋ, ಹಾಕು ಇನ್ನೊಂದ್ ತುಂಡು" ಎಂದಳು. ನಾಲ್ಕನೆಯ ಸಲ ನಾನು ಅವನ ತಟ್ಟೆ ತುಂಬಿಸಿದಾಗ...

ಏಕೆ ಸುಮ್ಮನಾದಿರಿ?

ತುಂಬಿಸಿದೆ ಎಂದೆನೇ? ಎಂದೆ. ಮೇಯರಮ್ಮನವರು ನೀರಿನ ಲೋಟ ಈ ಕಡೆ ತಳ್ಳುತ್ತಿದ್ದಾರೆ. ಬೇಡಮ್ಮಾ, ಗಂಟಲು ಸರಿಯಿದೆ.

ಈ ಊರಿಗೆ ಗೊತ್ತಿರುವ ಕಥೆ ಬೇರೆ. ಸ್ಟೊಯ್ಮೆನ್ ಉಪಾಯವಾಗಿ ಬಂದು, ಪಕ್ಕದಲ್ಲಿ ಕೂತು ನನಗೆ ತಿನ್ನಿಸಿದ, ಅದಕ್ಕೇ ನಾನು ಸೋತೆ ಎಂದು. ನೀವೆಲ್ಲ ಮೂವತ್ತೆಂಟು ವರ್ಷ ನನಗೆ "ಪಾಪ" ಎಂದಿದ್ದೀರಿ. ನಿಜ ಏನೆಂದರೆ, ಅವನು ಬಾಗಿಲಲ್ಲಿ ಕಾಣಿಸಿದ ಕೂಡಲೇ ಸಿಕ್ಕಿಬಿದ್ದ ಎಂದುಕೊಂಡೆ. ಅತಿಥಿ ಬೇಡ ಎನ್ನುವಂತಿಲ್ಲ. ತುಂಬಿಸಿ ತುಂಬಿಸಿ ಅವನನ್ನು ಭಾರ ಮಾಡಿ ಕಳಿಸಬೇಕೆಂದಿದ್ದೆ. ಒಂದನ್ನು ಮಾತ್ರ ಲೆಕ್ಕಕ್ಕೆ ಹಿಡಿಯಲಿಲ್ಲ. ಅತಿಥಿ ತಿನ್ನುವಷ್ಟು ಹೊತ್ತು ಮನೆಯವನೂ ತಿನ್ನುತ್ತಿರಬೇಕು, ಇಲ್ಲದಿದ್ದರೆ ಅತಿಥಿಗೆ ಅವಮಾನ. ಅವನ ತಟ್ಟೆಗೆ ಒಂದು ತುಂಡು, ನನ್ನ ತಟ್ಟೆಗೂ ಒಂದು. ಅಮ್ಮ ನೋಡುತ್ತ ನಿಂತಿದ್ದಳು. ಐದು ಗಂಟೆಯವರೆಗೆ ಹೀಗೇ ನಡೆಯಿತು.

ಆಮೇಲೆ ನಾನು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಮಲಗಿದೆ. ಅವನು ಬಸ್ಸು ಹತ್ತಲಿಲ್ಲ. ಎರಡು ಸ್ವೆಟರ್ ಹಾಕಿಕೊಂಡು ಹದಿನೆಂಟು ಕಿಲೋಮೀಟರ್ ಗುಡ್ಡ ಹತ್ತಿ ಓಡಿದ. ಬೆಳಿಗ್ಗೆ ತಕ್ಕಡಿಯ ಪಕ್ಕ ಬಿಚ್ಚಿಟ್ಟ ಅವನ ಬೂಟಿನಲ್ಲಿ ಗುಡ್ಡದ ಕೆಂಪು ಮಣ್ಣಿತ್ತು. ಅವನು ನೂರ ಇಪ್ಪತ್ತೊಂದು ಕಿಲೋ. ನಾನು ಅದರ ಮೇಲೆ ಮುನ್ನೂರು ಗ್ರಾಂ. ಅವನು ನನ್ನನ್ನು ನೋಡಿ, "ನಿಮ್ಮಮ್ಮನ್ ಕುರಿಮರಿ ಗುಡ್ಡದ್ ತುದಿ ತನಕ ನನ್ ಜೊತೇಲೇ ಬಂತು ಕಣೋ" ಎಂದ. ಅಷ್ಟೇ ಅಂದದ್ದು. ಕುಸ್ತಿ ಸಮವಾಯಿತು. ಹೌದು, ಸಮ. ನಾನು ಅವನಿಗೆ ಸೋತಿಲ್ಲ, ಅದನ್ನಾದರೂ ಬರೆದುಕೊಳ್ಳಿ. ಒಲಿಂಪಿಕ್ಸ್‌ನ ಜಾಗ ಅವನಿಗೆ ಹೋಯಿತು.

ಹದಿನೈದು ದಿನದ ಮೇಲೆ ಹೆಂಡದಂಗಡಿಯಲ್ಲಿ ಯಾರೋ ಕೇಳಿದರು, ಹೆಂಗೆ ಸೋತೆಯೋ ಎಂದು. "ಹಬ್ಬಕ್ಕೆ ಅಂತ ಬಂದು ತಿನ್ನಿಸ್ಬಿಟ್ಟ" ಎಂದೆ. ಹೊಟ್ಟೆಯಲ್ಲಿ ಬೆಂಕಿ ಉರಿಯುತ್ತಿತ್ತು, ಬಾಯಿಗೆ ಬಂತು, ಆಡಿದೆ. ಪಕ್ಕದ ಮೇಜಿನಲ್ಲಿ ಅವನಿದ್ದ. ಕೇಳಿಸಿತು. ಲೋಟ ಕೆಳಗಿಟ್ಟು ನನ್ನನ್ನು ನೋಡಿದ, ಎದ್ದು ಹೋದ. ಅವತ್ತಿನಿಂದ ನನ್ನ ಹಬ್ಬಕ್ಕೆ ಬರಲಿಲ್ಲ. ಮಾಡಿದ ತಪ್ಪಿಗೆ ಮುಖ ತೋರಿಸಲಾರ ಎಂದು ಜನ ಆಡಿಕೊಂಡರು. ನಾನು ಹ್ಞೂಂ ಎಂದೆ. ಅಮ್ಮ ಸಾಯುವ ತನಕ ಕೇಳುತ್ತಿದ್ದಳು, "ಆ ಹೂ ತಂದ ಹುಡುಗ ಯಾಕೋ ಬರ್ಲೇ ಇಲ್ಲ" ಎಂದು. ಅವಳಿಗೂ ನಾನು ಹೇಳಲಿಲ್ಲ.

ಅವನಾದರೂ ಒಂದು ಸಲ ಬಾಯಿಬಿಡಬಾರದಿತ್ತೇ? ಬೆಳ್ಳಿ ಗೆದ್ದ, ಊರೆಲ್ಲ ಮೆರೆಸಿತು, ಆದರೂ ಬೆನ್ನ ಹಿಂದೆ "ಮೋಸಗಾರ" ಎಂದಿತು. ಒಂದು ಮಾತು ಸಾಕಿತ್ತು. ಆಡಲಿಲ್ಲ. ಹೋದ ವಾರ ಮೇಯರು, "ನಿಮ್ಮ ಬಗ್ಗೆ ಯಾರು ಮಾತಾಡಬೇಕು?" ಎಂದು ಕೇಳಿದರೆ ಇವನು ನನ್ನ ಹೆಸರು ಹೇಳಿದನಂತೆ. "ಅವನಷ್ಟು ನನ್ನ ಮೇಲೆ ಕಣ್ಣಿಟ್ಟೋರು ಇನ್ಯಾರಿದಾರೆ?" ಎಂದನಂತೆ. ಪದಕಕ್ಕೆ ಹೊಟ್ಟೆಕಿಚ್ಚು ಪಟ್ಟೆ, ಫೋಟೋಗೆ ಪಟ್ಟೆ, ಈ ಬೋರ್ಡಿಗೂ ಪಟ್ಟೆ. ಆದರೆ ಸ್ಟೊಯ್ಮೆನ್, ಎಲ್ಲಕ್ಕಿಂತ ಹೆಚ್ಚು ಹೊಟ್ಟೆ ಉರಿದದ್ದು ನೀನು ಸುಮ್ಮನಿದ್ದದ್ದಕ್ಕೆ. ನನ್ನಿಂದ ಅದು ಒಂದು ದಿನವೂ ಆಗುತ್ತಿರಲಿಲ್ಲ.

ಹತ್ತು ನಿಮಿಷ ಮುಗಿಯಿತು. ನಾಡಿದ್ದು ಆರನೇ ತಾರೀಕು. ಆ ದಿನ ಯಾರನ್ನೂ ಕರೆಯುವುದಿಲ್ಲ ಎಂದೆ. ಪದ್ಧತಿ ಮುರಿದು ಕರೆಯುತ್ತಿದ್ದೇನೆ. ಬಾರೋ. ನಾನು ಬಡಿಸುವುದಿಲ್ಲ. ತಟ್ಟೆ ನಿನ್ನ ಮುಂದಿಡುತ್ತೇನೆ, ಎಷ್ಟು ಬೇಕೋ ನೀನೇ ಹಾಕಿಕೋ.

ಸಭಿಕರೇ, ಹಿಂದೆ ಕೂತವರಿಗೆ ಕಾಣಿಸಲಿಲ್ಲವೇನೋ. ಅವನು ತಲೆಯನ್ನು ಅಡ್ಡಕ್ಕೆ ಆಡಿಸಿದ. ಬರುತ್ತಾನೆ.

ನೋಡಿ, ಇದರಲ್ಲೂ ಅವನೇ ಗೆದ್ದ. ಇಷ್ಟು ಹೊತ್ತು ಸಹಿಸಿಕೊಂಡ ನಿಮಗೂ, ಇಷ್ಟು ವರ್ಷ ಸಹಿಸಿಕೊಂಡ ಅವನಿಗೂ ವಂದನೆಗಳು. ನಮಸ್ಕಾರ.